ಉಜ್ಜಿದರೂ ಹೋಗದ ಕಪ್ಪು

ನಿಮ್ಮ ಮಗುವಿನ ಕತ್ತಿನ ಹಿಂಭಾಗವನ್ನು ನೀವು ಕಡೆಯ ಸಲ ಒಳ್ಳೆಯ ಬೆಳಕಿನಲ್ಲಿ ನೋಡಿದ್ದು ಯಾವಾಗ? ದಿನಾ ಸ್ನಾನ ಮಾಡಿಸುವಾಗ ನೋಡುತ್ತೇನಲ್ಲ ಎನ್ನುವಿರಾದರೆ, ಅಲ್ಲಿ ಕಂಡ ಕಪ್ಪನ್ನು ಏನೆಂದು ತಿಳಿದಿರಿ?

ನಾನು ಕೊಳೆ ಎಂದು ತಿಳಿದಿದ್ದೆ. ನಾನು ಓದು ಬರಹ ಬಾರದವಳಲ್ಲ. ನಂಜನಗೂಡಿನ ಪ್ರೌಢಶಾಲೆಯೊಂದರಲ್ಲಿ ಹದಿನೇಳು ವರ್ಷಗಳಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಮೈಸೂರಿನಲ್ಲಿ ಪದವಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಟ್ಟಲುಗಳು ಇಂದಿಗೂ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿವೆ. ಅವುಗಳಲ್ಲಿ ಒಂದನ್ನು ಮಾತ್ರ ನಾನು ಈಗ ಹಿಂದಕ್ಕೆ ಸರಿಸಿ ಇಟ್ಟಿದ್ದೇನೆ. ‘ಬೊಜ್ಜು ವ್ಯಕ್ತಿಯ ಹೊಣೆ, ಸಮಾಜದ್ದಲ್ಲ’ ಎಂಬ ವಿಷಯದ ಪರವಾಗಿ ಮಾತಾಡಿ ಗೆದ್ದದ್ದು ಅದು. ಆಗ ನನ್ನ ತೂಕ ಐವತ್ತು ಕೆಜಿಯೂ ಇರಲಿಲ್ಲ. “ಮಾನ್ಯ ಅಧ್ಯಕ್ಷರೇ, ತುತ್ತನ್ನು ಬಾಯಿಗೆ ಒಯ್ಯುವ ಕೈ ಸಮಾಜದ್ದಲ್ಲ, ನನ್ನದು” ಎಂದು ಕೈಯೆತ್ತಿ ತೋರಿಸಿದಾಗ ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಎದುರು ಪಕ್ಷದಲ್ಲಿದ್ದ ಸಣ್ಣ ದನಿಯ ಹುಡುಗಿಯೊಬ್ಬಳು, “ಆ ತುತ್ತನ್ನು ಬಡಿಸುವವರು ಯಾರು? ಬಡಿಸಿದ್ದನ್ನು ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆಯೇ?” ಎಂದು ಕೇಳಿದಳು. ಸಭೆ ನಕ್ಕಿತು, ನನ್ನ ಉತ್ತರದ ಅಗತ್ಯವೇ ಬೀಳಲಿಲ್ಲ.

ಮದುವೆಯಾಗಿ ತಾಂಡವಪುರಕ್ಕೆ ಬಂದೆ. ಪತಿ ಮಹದೇವಸ್ವಾಮಿ ಹಾಲಿನ ಸೊಸೈಟಿಯ ಕೆಲಸ ನೋಡಿಕೊಳ್ಳುತ್ತಾರೆ. ಗದ್ದೆಯನ್ನು ಬೇರೆಯವರು ಮಾಡುತ್ತಾರೆ, ನಾಟಿಯಿಂದ ಕೊಯ್ಲಿನವರೆಗೆ ಯಂತ್ರಗಳು ಬಂದು ಹೋಗುತ್ತವೆ. ನಮ್ಮ ಮನೆಯಲ್ಲಿ ಕೆಸರಿಗೆ ಕಾಲಿಟ್ಟು ದುಡಿದ ಕಡೆಯ ಹೆಂಗಸು ನನ್ನ ಅತ್ತೆ ಗೌರಮ್ಮ. ಸೊಸೆ ಸ್ಕೂಟರಿನಲ್ಲಿ ಶಾಲೆಗೆ ಹೋಗುವುದು, ಮೊಮ್ಮಗಳು ಸಿಂಚನ ಶಾಲಾ ವ್ಯಾನಿನಲ್ಲಿ ಬಾಗಿಲಿಗೇ ಬಂದಿಳಿಯುವುದು ಅವರಿಗೆ ಹೆಮ್ಮೆ. ಗದ್ದೆ ಕೆಲಸ ನಿಂತು ಎಷ್ಟೋ ವರ್ಷಗಳಾದವು. ಆದರೆ ಗದ್ದೆಗೆ ಹೋಗುವವರಿಗೆಂದು ಕಟ್ಟುತ್ತಿದ್ದ ಮುದ್ದೆಯ ಗಾತ್ರ ಮಾತ್ರ ನಮ್ಮ ಅಡುಗೆಮನೆಯಲ್ಲಿ ಹಾಗೆಯೇ ಉಳಿಯಿತು.

ನನ್ನ ಕತ್ತಿನ ಸುತ್ತ ಕಪ್ಪು ಪಟ್ಟಿ ಮೂಡಿದ್ದು ಯಾವಾಗೆಂದು ನನಗೆ ನೆನಪಿಲ್ಲ. ದಿನಬಳಕೆಗೆ ಹಾಕುತ್ತಿದ್ದ ರೋಲ್ಡ್ ಗೋಲ್ಡ್ ಸರ ಬಣ್ಣ ಬಿಟ್ಟಿದೆ ಎಂದುಕೊಂಡು ಸರ ಬದಲಿಸಿದೆ. ಮತ್ತೂ ಹೋಗಲಿಲ್ಲ. ಸರವನ್ನೇ ತೆಗೆದಿಟ್ಟೆ. ನಿಂಬೆಹಣ್ಣು ಉಜ್ಜಿದೆ, ಕ್ರೀಮು ಹಚ್ಚಿದೆ, ಕಡೆಗೆ ಕಾಲರ್ ಇರುವ ರವಿಕೆ ಹೊಲಿಸಿಕೊಂಡೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಸ ಫ್ಯಾಷನ್ ಎಂದು ಮೆಚ್ಚಿದರು.

ಎರಡು ವರ್ಷಗಳ ಹಿಂದೆ ಹಿಮ್ಮಡಿಯ ಒಂದು ಬಿರುಕು ತಿಂಗಳಾದರೂ ಮಾಯದೆ ಹೋದಾಗ ನಂಜನಗೂಡಿನ ಆಸ್ಪತ್ರೆಯೊಂದಕ್ಕೆ ಹೋದೆ. ರಕ್ತ ಪರೀಕ್ಷೆಯ ಕೊಠಡಿಯ ಮುಂದೆ ತೋಳುಗಳಿದ್ದ ಪ್ಲಾಸ್ಟಿಕ್ ಕುರ್ಚಿಗಳ ಸಾಲಿತ್ತು. ಅವುಗಳಲ್ಲಿ ನಾನು ಹಿಡಿಸಲಾರೆ ಎಂದು ನೋಡಿದ ಕೂಡಲೇ ತಿಳಿಯಿತು. ಕೂರಲು ಹೋಗಿ ಎದ್ದರೆ ಕುರ್ಚಿಯೂ ನನ್ನೊಂದಿಗೆ ಏಳುತ್ತಿತ್ತು. ಕಾಲು ನೋಯುತ್ತಿದ್ದರೂ ಗೋಡೆಗೆ ಒರಗಿ, ಮೊಬೈಲ್ ನೋಡುವವಳಂತೆ ನಿಂತೆ.

“ಬಾರವ್ವ ಇಲ್ಲಿ, ಕಲ್ಲು ಯಾರ್ನೂ ಅಳ್ತೆ ಮಾಡಕಿಲ್ಲ” ಎಂದಿತು ಒಂದು ದನಿ. ಕಿಟಕಿಯ ಕೆಳಗಿನ ಕಲ್ಲು ಬೆಂಚಿನ ಮೇಲೆ ಕೂತಿದ್ದ ಹಿರಿಯ ಹೆಂಗಸೊಬ್ಬರು ಸೆರಗಿನಿಂದ ಧೂಳು ಒರೆಸಿ ಜಾಗ ಮಾಡಿಕೊಟ್ಟರು. ಹದಿನಾರು ಎಂಬ ಊರಿನವರು, ಸಿದ್ದಮ್ಮ ಎಂದು ಹೆಸರು. ನನ್ನ ಅನಾರೋಗ್ಯದ ಈ ಎರಡು ವರ್ಷಗಳಲ್ಲಿ ನನಗೆ ದಕ್ಕಿದ ಮೊದಲ ಕರುಣೆ ಅದು.

“ಎಷ್ಟ್ ವರ್ಸದಿಂದ ಸಕ್ರೆ?” ಎಂದು ಅವರು ಕೇಳಿದರು.

“ಇನ್ನೂ ಇಲ್ಲ ಅಮ್ಮ, ಇವತ್ತು ನೋಡ್ಬೇಕು.”

“ಮದ್ಲೇ ಸಿಕ್ಕಿದ್ರೆ ಉಪಾಯ ಏಳ್ತಿದ್ನಲ್ಲ! ನಾನಂತೂ ಎಲ್ಡ್ ದಿನದಿಂದ ಅನ್ನ ಮುಟ್ಟಿಲ್ಲ ಕನವ್ವ, ಕಾಪಿನೂ ಇಲ್ಲ. ಪಾಸಾಗ್ಬೇಕಲ್ಲ.”

ನನ್ನೊಳಗಿನ ಶಿಕ್ಷಕಿ ಎದ್ದು ಕೂತಳು. “ಹಾಗ್ ಮಾಡಿದ್ರೆ ನಿಮ್ಮ ನಿಜವಾದ ಸಕ್ಕರೆ ಎಷ್ಟು ಅಂತ ಗೊತ್ತಾಗೋದೇ ಇಲ್ವಲ್ಲ?”

“ಗೊತ್ತಾಗಿ ಏನಾಗ್ಬೇಕು? ಪೇಲಾದ್ರೆ ಡಾಕ್ಟ್ರಮ್ಮ ಎಲ್ರ ಮುಂದೆ ಬಯ್ತದೆ. ಮೂರ್ ತಿಂಗ್ಳ ಟೆಸ್ಟು ಅಂತ ಒಂದದೆ ನೋಡು, ಅದರ ಕಣ್ಗೆ ಮಾತ್ರ ಮಣ್ ಎರ್ಚಕ್ಕಾಗಕಿಲ್ಲ. ಮೂರ್ ತಿಂಗ್ಳಿಂದ ತಿಂದಿದ್ನೆಲ್ಲ ಬರ್ಕೊಂಡ್ ಕುಂತಿರ್ತದೆ, ಮುಂಡೇದು.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗುವಿನ ಬೆಲೆ ನನಗೆ ಆಗ ಗೊತ್ತಿರಲಿಲ್ಲ.

ವೈದ್ಯೆ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ವರದಿಯನ್ನು ಓದಿ, ಎದ್ದು ಬಂದು ನನ್ನ ಕಾಲರನ್ನು ಎರಡು ಬೆರಳಿನಿಂದ ಸರಿಸಿ ನೋಡಿದರು.

“ಇದೆಷ್ಟು ವರ್ಷದಿಂದ ಇದೆ ಮೇಡಂ?”

“ಅದು ಸರದ ಕಲೆ ಡಾಕ್ಟ್ರೇ.”

“ಸರ ಹಾಕೋದು ಬಿಟ್ಟು ಎಷ್ಟು ದಿನ ಆಯ್ತು?”

“ಒಂದು ವರ್ಷ ಆಗಿರಬಹುದು.”

ಅವರು, ಒಳ್ಳೆಯ ಮೇಷ್ಟರು ವಿದ್ಯಾರ್ಥಿಯೇ ಉತ್ತರ ಹೇಳಲಿ ಎಂದು ಕಾಯುವ ಹಾಗೆ ಕಾದರು. ಕಡೆಗೆ ತಾವೇ, “ಇದು ಹೊರಗಿಂದ ಅಂಟಿದ್ದಲ್ಲ, ಒಳಗಿಂದ ಬಂದಿದ್ದು, ಸಕ್ಕರೆ ಕಾಯಿಲೆಯ ಸೂಚನೆ. ಮೈ ಬಹಳ ಮೊದಲೇ ನಿಮಗೆ ಹೇಳಿದೆ, ನೀವು ಕೇಳಿಸ್ಕೊಂಡಿಲ್ಲ ಅಷ್ಟೆ” ಎಂದರು. ಆಮೇಲೆ ಮಾತ್ರೆ, ಊಟ, ಕಾಲಿನ ಆರೈಕೆ ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದರು. ನಾನು ಬಾಗಿಲ ಹತ್ತಿರ ಹೋದಾಗ, “ಮನೇಲಿ ಇನ್ಯಾರಿಗಾದ್ರೂ ಕತ್ತು ಹೀಗಿದೆಯಾ?” ಎಂದು ಕೇಳಿದರು.

ಇಲ್ಲ ಎಂದು ಬಂದೆ. ಸ್ಕೂಟರ್ ಕಪಿಲಾ ಸೇತುವೆಯ ಮೇಲಿದ್ದಾಗ ನನಗೆ ಭಾನುವಾರಗಳು ನೆನಪಾದವು.

ನಮ್ಮ ಮನೆಯಲ್ಲಿ ಭಾನುವಾರ ಸಿಂಚನಳಿಗೆ ಎಣ್ಣೆ ಸ್ನಾನ. ಮಾಡಿಸುವವರು ಅತ್ತೆ. ಬಚ್ಚಲಿನ ಮೊಳೆಗೆ ತೂಗುಹಾಕಿದ ಹೀರೇಕಾಯಿ ನಾರಿಗೆ ಕಡಲೆಹಿಟ್ಟು ಹಚ್ಚಿ ಮೊಮ್ಮಗಳ ಕತ್ತನ್ನು ಉಜ್ಜುವುದನ್ನು ನಾನು ಎರಡು ವರ್ಷಗಳಿಂದ ಹೊರಗೆ ಕೂತು ಕೇಳಿಸಿಕೊಂಡಿದ್ದೆ. ಆ ಭಾನುವಾರ ಒಳಗೆ ಹೋಗಿ ನಿಂತೆ.

“ಎಷ್ಟ್ ಉಜ್ಜುದ್ರೂ ಓಗಲ್ದಲ್ಲ ಈ ಕೊಳೆ! ಇಸ್ಕೂಲಲ್ಲಿ ಮಣ್ಣಲ್ಲಿ ವದ್ದಾಡ್ತೀಯೇನಮ್ಮಿ?” ಎನ್ನುತ್ತಿದ್ದರು ಅತ್ತೆ.

“ಮಣ್ಣಾ? ನಮ್ ಸ್ಕೂಲಲ್ಲಿ ಮಣ್ಣೆಲ್ಲಿದೆ ಅಜ್ಜಿ, ಎಲ್ಲಾ ಸಿಮೆಂಟು! ಅಯ್ಯೋ, ಉರೀತದೆ, ಮೆಲ್ಲಗೆ!”

ಮಗಳ ಕತ್ತಿನಲ್ಲಿ ನನ್ನದೇ ಕತ್ತನ್ನು ಕಂಡೆ. ಅದೇ ಪಟ್ಟಿ, ಮಖಮಲ್ಲಿನಂತೆ ದಪ್ಪಗಾದ ಅದೇ ಚರ್ಮ. ಅವಳಿಗೆ ಹನ್ನೊಂದು ವರ್ಷ. “ಅತ್ತೆ, ನಿಲ್ಸಿ. ಅದು ಕೊಳೆ ಅಲ್ಲ” ಎಂದೆ. ನನ್ನ ದನಿ ಹೇಗಿತ್ತೋ, ಅತ್ತೆ ನಾರನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು.

ಪರೀಕ್ಷೆ ಮಾಡಿಸಬೇಕು ಎಂದಾಗ ಮನೆಯಲ್ಲಿ ದೊಡ್ಡ ಮಾತಾಯಿತು. ಪತಿ ಮೊದಲು ನಂಬಲಿಲ್ಲ. “ಬೆಳೆಯೋ ಮಕ್ಳು ಹಿಂಗೇ ಇರೋದು. ದೊಡ್ಡೋಳಾದ್ ಮೇಲೆ ತಾನೇ ಇಳೀತಾಳೆ ಬುಡು. ನಿನ್ ಕಾಯಿಲೆ ಕೂಸಿನ ತಲೆ ಮೇಲೆ ಯಾಕ್ ಆಕ್ತೀಯ?” ಎಂದರು. ಅತ್ತೆಯ ಭಯ ಬೇರೆಯದು.

“ಎಣ್ ಮೊಗೀಗೆ ಸಕ್ರೆ ಕಾಯ್ಲೆ ಅಂತ ಊರ್ಗ್ ಗೊತ್ತಾದ್ರೆ ನಾಳೆ ಅವ್ಳ್ನ ಯಾರ್ ಒಪ್ಕತಾರೆ? ನಂಜನಗೂಡಲ್ಲಿ ಯಾರ್ ಕಣ್ಗಾರ ಬಿದ್ರೆ ಮುಗೀತು ಕತೆ.”

ಈ ಮಾತಿಗೆ ನಾನು ಕೆರಳಬೇಕಿತ್ತು. ಕೆರಳಲಿಲ್ಲ, ಒಪ್ಪಿದೆ. ವೇದಿಕೆಯ ಮೇಲೆ ಕಳಂಕದ ವಿರುದ್ಧ ಎಷ್ಟೋ ಸಲ ಮಾತಾಡಿದವಳು ಮಗಳನ್ನು ತವರಿಗೆ ಕರೆದೊಯ್ಯುವ ನೆಪ ಮಾಡಿ ಟಿ. ನರಸೀಪುರದಲ್ಲಿ, ನಮ್ಮನ್ನು ಯಾರೂ ಗುರುತಿಸದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲು ಹೊರಟಳು.

ತವರು ಸೋಮನಾಥಪುರದಲ್ಲಿ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅಲ್ಲಿಗೆ ತಲುಪಿದಾಗ ಅತ್ತಿಗೆ ಒಬ್ಬಟ್ಟು ಮಾಡಿ ಕಾದಿದ್ದರು. ತವರಿಗೆ ಬಂದ ಹೆಣ್ಣುಮಗಳ ಎಲೆ ಖಾಲಿಯಾಗಿ ಕಾಣುವಂತಿಲ್ಲ. ಅದು ಬಡಿಸಿದವರಿಗೆ ಅವಮಾನ. ನಾನು ಒಂದೇ ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದೆ. ಅತ್ತಿಗೆಯ ಮುಖ ಬಾಡಿತು. “ಅತ್ತೆ ಇದ್ದಿದ್ರೆ ತಿಂತಿದ್ರಿ. ನನ್ ಕೈದು ಅಂತ ಬ್ಯಾಡ ಅಂತೀರಾ?” ಎಂದರು. ನನ್ನ ತಾಯಿ ತೀರಿಕೊಂಡು ಆಗಿನ್ನೂ ವರ್ಷವಾಗಿರಲಿಲ್ಲ. ನಾನು ಕೈ ತೆಗೆದೆ. ಮೂರು ಬಿದ್ದವು, ಮೇಲೆ ತುಪ್ಪ. ಪಕ್ಕದಲ್ಲಿ ಸಿಂಚನಳ ಎಲೆಗೂ ಮೂರು. ಬಡಿಸಿದ್ದನ್ನು ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆಯೇ ಎಂದು ಆ ಸಣ್ಣ ದನಿಯ ಹುಡುಗಿ ನನ್ನನ್ನು ಕೇಳಿ ಇಪ್ಪತ್ತು ವರ್ಷಗಳಾಗಿದ್ದವು.

ಮರುದಿನದ ವರದಿಯಲ್ಲಿ ಮಗಳ ಸಕ್ಕರೆ ಗೆರೆಯ ಅಂಚಿನಲ್ಲಿತ್ತು. ಇನ್ನೂ ದಾಟಿಲ್ಲ. ನರಸೀಪುರದ ವೈದ್ಯರು ಆರು ತಿಂಗಳು ಅವಕಾಶ ಕೊಟ್ಟರು. “ಆಟ ಆಡ್ಲಿ, ಊಟ ಹತೋಟಿಗೆ ಬರ್ಲಿ. ಈ ವಯಸ್ಸಲ್ಲಿ ವಾಪಸ್ ತರ್ಬಹುದು” ಎಂದರು. ಆರು ತಿಂಗಳೆಂದರೆ ಒಂದು ಪಠ್ಯಕ್ರಮ ಮುಗಿಸುವಷ್ಟು ಕಾಲ. ಯೋಜನೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ನನಗೆ ಆಗ ನಿಜವಾಗಿಯೂ ನಂಬಿಕೆಯಿತ್ತು.

ಮೊದಲು ನಡಿಗೆ. ಸಂಜೆ ಸಿಂಚನಳನ್ನು ಕರೆದುಕೊಂಡು ಮೈಸೂರು ರಸ್ತೆಯ ಅಂಚಿನಲ್ಲಿ ಹೊರಟೆ. ಅಲ್ಲಿ ಕಾಲುದಾರಿ ಎಂಬುದಿಲ್ಲ; ಕಾರ್ಖಾನೆಗಳ ಲಾರಿಗಳು ಸೆರಗು ಎಳೆದುಕೊಂಡು ಹೋಗುವಂತೆ ಸಾಗುತ್ತವೆ. ಅರ್ಧ ಕಿಲೋಮೀಟರಿನೊಳಗೆ ಮೂರು ಬೈಕುಗಳು ನಿಂತವು.

“ಯಾಕ್ ಮಿಸ್ ನಡ್ಕಂಡ್ ಓಯ್ತಿದೀರಾ? ಸ್ಕೂಟರ್ ಕೆಟ್ಟೋಯ್ತಾ? ಕೂಸ್ನಾರ ಕುಂಡ್ರುಸಿ, ಬುಟ್ ಬತ್ತೀನಿ.”

“ಇಲ್ಲಪ್ಪ, ಸುಮ್ನೆ ನಡೀತಾ ಇದೀವಿ.”

“ಸುಮ್ನೆ ಯಾರ್ ನಡೀತಾರೆ ಸುಮ್ನಿರಿ ಮಿಸ್!”

ನಾಲ್ಕನೆಯ ದಿನದ ಹೊತ್ತಿಗೆ, ಮೇಡಂ ಗಂಡನ ಜೊತೆ ಜಗಳವಾಡಿಕೊಂಡು ಮಗಳನ್ನು ಕರೆದುಕೊಂಡು ಹೊರಟಿದ್ದಾರೆ ಎಂಬ ಸುದ್ದಿ ಸೊಸೈಟಿಗೆ ಮುಟ್ಟಿತು. ಪತಿ ನಗುತ್ತಲೇ ಹೇಳಿದರು, ಅತ್ತೆ ನಗಲಿಲ್ಲ. “ಕೆಲ್ಸ ಇಲ್ದೆ ರೋಡಲ್ ತಿರ್ಗೋದು ಯಾರ್ ಮನೆ ಎಣ್ಮಕ್ಳು? ನಾನ್ ನಡುದ್ ನಡುದ್ ಸವೆಸಿದ್ ಕಾಲ್ ಸಾಲ್ದಾ?” ಎಂದರು. ಆಮೇಲೆ ಹಿತ್ತಿಲಿನಲ್ಲಿ, ಕೊಟ್ಟಿಗೆಯ ಸುತ್ತ ನಡೆದೆವು. ಇಪ್ಪತ್ತು ಸುತ್ತಿಗೆ ಮಗಳಿಗೆ ಬೇಸರವಾಗುತ್ತಿತ್ತು, ನನಗೂ.

ಶಾಲೆಯಲ್ಲಾದರೂ ಆಡಲಿ ಎಂದು ಮುಖ್ಯೋಪಾಧ್ಯಾಯರ ಮುಂದೆ ನಿಂತೆ. ಸಿಂಚನ ನಮ್ಮದೇ ಸಂಸ್ಥೆಯ ಪ್ರಾಥಮಿಕ ವಿಭಾಗದಲ್ಲಿ ಓದುತ್ತಾಳೆ. ಅವಳ ತರಗತಿಯ ಆಟದ ಅವಧಿಗಳನ್ನು ಗಣಿತಕ್ಕೆ ತೆಗೆದುಕೊಳ್ಳುತ್ತಿದ್ದಾರೆ, ಅದು ಸರಿಯಲ್ಲ ಎಂದು ನನ್ನ ವಾದವನ್ನು ಮಂಡಿಸಿದೆ. ಅವರು ಕನ್ನಡಕ ತೆಗೆದಿಟ್ಟರು.

“ಟೆಂತ್ ಮಕ್ಕಳ ಪಿಟಿ ಪೀರಿಯಡ್ ಮೊದಲು ಕೇಳಿ ತಗೊಂಡಿದ್ದು ಯಾರು ಮೇಡಂ? ಪೋರ್ಷನ್ ಮುಗಿದಿಲ್ಲ ಅಂತ ನೀವೇ. ರಿಸಲ್ಟೂ ಬಂತು, ಸನ್ಮಾನಾನೂ ಆಯ್ತು. ನಿಮ್ಮನ್ನ ನೋಡಿ ಎಲ್ರೂ ತಗೊಂಡ್ರು. ಈಗ ನಾನ್ ಯಾವ ಬಾಯಲ್ಲಿ ಬೇಡ ಅನ್ಲಿ?”

ಏಳು ವರ್ಷ ನಾನು ಮಕ್ಕಳನ್ನು ಅಂಗಳದಿಂದ ಎಬ್ಬಿಸಿ ತಂದು ಬೆಂಚಿನ ಮೇಲೆ ಕೂರಿಸಿದ್ದೆ, ಸಂವಿಧಾನ ಕೊಟ್ಟಿರುವ ಹಕ್ಕುಗಳನ್ನು ಬಾಯಿಪಾಠ ಮಾಡಿಸಲು. ಅಂಗಳದಲ್ಲಿ ಈಗ ಹೊಸ ಕಟ್ಟಡ ಎದ್ದಿದೆ, ಉಳಿದ ಜಾಗಕ್ಕೆ ಸಿಮೆಂಟು. ದೈಹಿಕ ಶಿಕ್ಷಕರನ್ನು ಕಂಡು ಕ್ಷಮೆ ಕೇಳಿದೆ. ಅವರು ಒಳ್ಳೆಯವರು, ನಕ್ಕುಬಿಟ್ಟರು. “ಬಾಲ್‌ಗೆ ಗಾಳಿ ಹಾಕಿ ವರ್ಷ ಆಯ್ತು ಮೇಡಂ. ಪಂಪ್ ಎಲ್ಲಿದೆ ಅಂತ ಹುಡುಕ್ಬೇಕು” ಎಂದರು. ನಾನು ಹತ್ತನೆಯ ತರಗತಿಯ ಅವಧಿಗಳನ್ನು ಬಿಟ್ಟುಕೊಟ್ಟೆ. ಮರುವಾರವೇ ವಿಜ್ಞಾನದವರು ಅವನ್ನು ಕೇಳಿ ಪಡೆದರು.

ಉಳಿದದ್ದು ಅಡುಗೆಮನೆ. ಒಂದು ಮಧ್ಯಾಹ್ನ ಅತ್ತೆಯ ಎದುರು ಕೂತು, ಮೊದಲೇ ಟಿಪ್ಪಣಿ ಮಾಡಿಕೊಂಡು ಮಾತಾಡಿದೆ. ಅವರು ಕಡೆಯವರೆಗೂ ಕೇಳಿದರು. ಆಮೇಲೆ ಕೇಳಿದರು: “ಒಟ್ಟೆ ತುಂಬ ಇಕ್ಕೋದು ತಪ್ಪಾ?”

“ತಪ್ಪು ಅಂತಲ್ಲ ಅತ್ತೆ...”

“ನಮ್ಮವ್ವ ಒಂದ್ ಮುದ್ದೆ ನಾಕ್ ಭಾಗ ಮಾಡೋಳು. ನಾಕನೇದು ನಂದು. ಮಡಕೆ ತಳ ಬಳುದು ನೆಕ್ಕಕ್ಕೂ ನಮ್ಮಲ್ಲಿ ಪಾಳಿ ಇತ್ತು ಕನವ್ವ. ನಮ್ ಮನೇಲಿ ಒಂದ್ ಮೊಗ ದುಂಡ್ದುಂಡ್ಗೆ ಓಡಾಡ್ತದೆ ಅನ್ನೋದ್ ಒಂದೇ ನಂಗ್ ಸಮಾಧಾನ. ಅದ್ನೂ ರೋಗ ಅಂತೀಯಲ್ಲ.”

ನನ್ನ ಟಿಪ್ಪಣಿಯ ಹಾಳೆಯಲ್ಲಿ ಎಂಟು ಅಂಶಗಳಿದ್ದವು. ಎಂಟರಲ್ಲಿ ಒಂದೂ ಆ ಮಡಕೆಯ ತಳಕ್ಕೆ ಉತ್ತರವಾಗಿರಲಿಲ್ಲ. ಆದರೂ ಅವರು ಪ್ರಯತ್ನಿಸಿದರು ಎಂದು ನಾನು ಸಾಕ್ಷಿ ಹೇಳಬೇಕು. ಮರುದಿನ ಚಿಕ್ಕ ಮುದ್ದೆ ಕಟ್ಟಲು ಕೂತರು. ಹಿಟ್ಟು ತೆಗೆದುಕೊಂಡರು, ಉಂಡೆ ಮಾಡಿದರು, ನೋಡಿದರು, ಸಾಲದೆನಿಸಿ ಇನ್ನಷ್ಟು ಸೇರಿಸಿದರು. ಮೂರು ಸಲ ಹೀಗಾಯಿತು. ಕಡೆಗೆ ಕೈ ಒರೆಸಿಕೊಂಡು, “ನನ್ ಕೈಗೆ ಸಣ್ ಮುದ್ದೆ ಕಟ್ಟಕ್ ಬರಕಿಲ್ಲ ಕನವ್ವ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಶಾಲೆಯಿಂದ ಬರುವ ಮೊದಲು, ಕೂಸು ಹಸಿದಿದೆ ಎಂದು ಅವರು ಕೊಡುತ್ತಿದ್ದ ಬಿಸ್ಕತ್ತು, ಚಕ್ಕುಲಿಗಳ ವಿಷಯ ನನಗೆ ಗೊತ್ತಿತ್ತು. ಹಿಡಿದು ಕೇಳುವ ಧೈರ್ಯ ಇರಲಿಲ್ಲ.

ಆ ದಿನಗಳಲ್ಲಿ ಮನೆಯ ಬಿಗುವನ್ನು ಸಡಿಲಿಸಲು ನಾನು ಸಿದ್ದಮ್ಮನ ಕಥೆಯನ್ನು ಹೇಳುತ್ತಿದ್ದೆ. ಎರಡು ದಿನ ಉಪವಾಸ ಮಾಡಿ ಸಕ್ಕರೆ ಪರೀಕ್ಷೆಯಲ್ಲಿ ಪಾಸಾಗಲು ಹೊರಟ ಅಜ್ಜಿಯ ಕಥೆ. ಪತಿ ನಗುತ್ತಿದ್ದರು, ಅತ್ತೆಯೂ ನಗುತ್ತಿದ್ದರು. ಸಿಂಚನ ಮಾತ್ರ ನಗದೆ ಕೇಳುತ್ತಿದ್ದಳು. ನಾನು ಅದನ್ನು ಗಮನಿಸಬೇಕಿತ್ತು.

ಆರು ತಿಂಗಳ ನಂತರ ಮತ್ತೆ ನರಸೀಪುರ. ಹಿಂದಿನ ರಾತ್ರಿ ಹೊಟ್ಟೆನೋವು ಎಂದು ಮಗಳು ತಟ್ಟೆ ಸರಿಸಿದ್ದಳು. ಬಸ್ಸಿನಲ್ಲಿ ಕತ್ತನ್ನು ನೆಟ್ಟಗೆ ಹಿಡಿದು, ಸೀಟಿಗೆ ಒರಗದೆ ಕೂತಿದ್ದಳು. ಲ್ಯಾಬಿನ ಬೆಂಚಿನ ಮೇಲೆ ಅವಳ ಜಡೆ ಸರಿಪಡಿಸಲು ಕೈ ಹಾಕಿದಾಗ ಚೀರಿದಳು. ಕಾಲರ್ ಸರಿಸಿದೆ. ಕತ್ತಿನ ಚರ್ಮ ಸುಲಿದು ಕೆಂಪಾಗಿತ್ತು, ಬಟ್ಟೆ ಅದಕ್ಕೆ ಅಂಟಿಕೊಂಡಿತ್ತು.

“ಏನಮ್ಮ ಇದು? ಯಾರು ಮಾಡಿದ್ದು?”

“ನಾನೇ. ಅಜ್ಜಿ ನಾರಲ್ಲಿ.” ಅವಳು ನೆಲ ನೋಡುತ್ತಿದ್ದಳು. “ಡಾಕ್ಟ್ರು ನೋಡಿದ್ರೆ ಬೈತಾರೆ ಅಂತ. ಕ್ಲಾಸಲ್ಲೂ ಎಮ್ಮೆಕತ್ತು ಅಂತಾರೆ. ನಿನ್ನೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲಮ್ಮ, ಟಿಫನ್ ಬಾಕ್ಸ್ ಫ್ರೆಂಡ್‌ಗೆ ಕೊಟ್ಬಿಟ್ಟೆ. ಈ ಸಲ ಪಾಸ್ ಆಗ್ತೀನಿ ಅಲ್ವಾ?”

ರಕ್ತ ತೆಗೆಯುವ ಯುವಕ ನಮ್ಮ ಮಾತನ್ನು ಕೇಳಿಸಿಕೊಂಡಿದ್ದ. ಹತ್ತಿಯಲ್ಲಿ ಮುಲಾಮು ತಂದು ಮಗಳ ಕತ್ತಿಗೆ ತಾನೇ ಮೆಲ್ಲಗೆ ಹಚ್ಚಿ, “ರಕ್ತ ಕೊಟ್ಟ ತಕ್ಷಣ ಆಚೆ ಇಡ್ಲಿ ಬಿಸಿಯಾಗಿ ಸಿಗುತ್ತೆ ಪುಟ್ಟಿ” ಎಂದ. ನನಗೆ ದಕ್ಕಿದ ಎರಡನೆಯ ಕರುಣೆ ಅದು. ಮೂರನೆಯದು ಇನ್ನೂ ಬಂದಿಲ್ಲ.

ವೈದ್ಯರು ಬರೆದಿದ್ದು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ. ಅದರ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ ಎಂದು ಸಿದ್ದಮ್ಮ ಹೇಳಿದ್ದರಲ್ಲ. ಮಗಳ ಒಂದು ದಿನದ ಉಪವಾಸವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗೆರೆ ದಾಟಿತ್ತು. ಹನ್ನೆರಡನೆಯ ವಯಸ್ಸಿಗೆ ಅವಳಿಗೂ ಮಾತ್ರೆ ಬಂತು.

ಇದು ನಡೆದು ಒಂದು ವರ್ಷವಾಯಿತು. ನಮ್ಮಿಬ್ಬರ ಮಾತ್ರೆಗಳು ಒಂದೇ ಡಬ್ಬಿಯಲ್ಲಿರುತ್ತವೆ. ನೆರೆಯವರು ಕೇಳಿದರೆ ಅತ್ತೆ “ವಿಟಮಿನ್ನು” ಎನ್ನುತ್ತಾರೆ. ಬಚ್ಚಲಿನ ಮೊಳೆಯ ಮೇಲೆ ಈಗ ನಾರಿಲ್ಲ. ಅದನ್ನು ಒಲೆಗೆ ಹಾಕಿದ್ದು ಅವರೇ. ಮುದ್ದೆ ಮಾತ್ರ ಅದೇ ಗಾತ್ರದ್ದು. ಹಬ್ಬಗಳಿಗೆ ಈಗಲೂ ತವರಿಗೆ ಹೋಗುತ್ತೇವೆ, ಎಲೆಗೆ ಒಬ್ಬಟ್ಟು ಬೀಳುತ್ತದೆ. ನನ್ನ ಹಿಮ್ಮಡಿ ಮಾಯ್ದಿದೆ, ಆದರೆ ಕಾಲ್ಬೆರಳುಗಳಲ್ಲಿ ಸ್ಪರ್ಶ ಕಡಿಮೆಯಾಗುತ್ತಿದೆ. ನಮ್ಮ ರಸ್ತೆಗೆ ಕಾಲುದಾರಿ ಬರುತ್ತದೆ ಎಂದಾಗಲೀ, ಶಾಲೆಯ ಸಿಮೆಂಟನ್ನು ಒಡೆದು ಮಣ್ಣು ಹಾಕುತ್ತಾರೆ ಎಂದಾಗಲೀ ನನಗೆ ನಂಬಿಕೆ ಉಳಿದಿಲ್ಲ. ಮನವಿಗಳನ್ನು ಬರೆಯುತ್ತೇನೆ, ಬರೆಯುವ ಅಭ್ಯಾಸವಿದೆ, ಅಷ್ಟೆ. ಮಗಳು ಈಗ ಕಾಲರಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಳ್ಳುತ್ತಾಳೆ, ಬಿರುಬೇಸಿಗೆಯಲ್ಲೂ. ತೆಗೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನನ್ನ ರವಿಕೆಗಳಿಗೂ ಇನ್ನೂ ಕಾಲರ್ ಇದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಇವತ್ತು ಮಗು ಶಾಲೆಯಿಂದ ಬಂದಾಗ ಹೊರಗಿನ ಬೆಳಕಿನಲ್ಲಿ ನಿಲ್ಲಿಸಿ ಅದರ ಕತ್ತನ್ನು ನೋಡಿ. ಅಲ್ಲಿ ಕಪ್ಪಿದ್ದರೆ ಉಜ್ಜಬೇಡಿ. ದೂರದ ಊರು ಹುಡುಕದೆ ನಿಮ್ಮೂರಿನ ಆಸ್ಪತ್ರೆಗೇ, ಎಲ್ಲರೂ ನೋಡುವಾಗಲೇ ಕರೆದುಕೊಂಡು ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿ. ಹೋಗುವ ಮುನ್ನ ಮಗುವನ್ನು ಹತ್ತಿರ ಕೂರಿಸಿಕೊಂಡು, ಈ ಪರೀಕ್ಷೆಯಲ್ಲಿ ಪಾಸು ಫೇಲು ಇಲ್ಲ ಎಂದು ಹೇಳಿ. ನಾನು ನನ್ನ ಮಗಳಿಗೆ ಅದೊಂದನ್ನು ಹೇಳಿರಲಿಲ್ಲ.